ಬಿರುಗಾಳಿಯ ದಾರಿಯೂ ನಮ್ಮ ಹೊಣೆಯೂ

“ತೋಳ ಬಂತು ತೋಳ” ಎಂಬ ಕಥೆಯನ್ನು ನಾವೆಲ್ಲರೂ ಕೆಳಗಿನ ತರಗತಿಗಳಲ್ಲಿಯೇ ಓದಿರುವೆವು. ಕುರಿ ಕಾಯುವ ಹುಡುಗನೊಬ್ಬನು ಸುಳ್ಳುಸುಳ್ಳಾಗಿ ಕೂಗಿ ಊರವರನ್ನು ಓಡಿ ಬರುವಂತೆ ಮಾಡಿ ನಕ್ಕನು; ಕೊನೆಗೆ ತೋಳವು ನಿಜವಾಗಿಯೂ ಬಂದಾಗ ಅವನ ಕೂಗಿಗೆ ಯಾರೊಬ್ಬರೂ ಓಗೊಡಲಿಲ್ಲ. ಈ ಮಹಾನಗರದಲ್ಲಿ ಬಿರುಗಾಳಿಯ ಸುದ್ದಿ ಹಬ್ಬಿ, ಅದು ಬೇರೆಡೆಗೆ ಹೊರಳಿಹೋದಾಗಲೆಲ್ಲ ನಮ್ಮ ಜನರು ಹವಾಮಾನ ಇಲಾಖೆಯನ್ನು ಆ ಹುಡುಗನಿಗೆ ಹೋಲಿಸುವುದುಂಟು. “ಬರುತ್ತದೆ, ಬರುತ್ತದೆ ಎಂದರು, ಎಲ್ಲಿ ಬಂತು?” ಎಂಬ ಮಾತನ್ನು ಚಾಳಿನ ಜಗಲಿಯಲ್ಲಿಯೂ ರೈಲಿನ ಡಬ್ಬಿಯಲ್ಲಿಯೂ ನಾವು ಕೇಳಿರುವೆವು, ನಿಜ ಹೇಳುವುದಾದರೆ ಕೆಲವು ಸಲ ನಾವೇ ಆಡಿಯೂ ಇರುವೆವು. ಆ ಹೋಲಿಕೆಯು ತಪ್ಪಾದುದು. ತಪ್ಪಷ್ಟೇ ಅಲ್ಲ, ಪ್ರಾಣಕ್ಕೆ ಅಪಾಯಕರವಾದುದು. ಅದೇಕೆಂಬುದನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

2020ನೆಯ ಇಸವಿಯ ಜೂನ್ 3ನೆಯ ತಾರೀಖನ್ನು ನೆನಪಿಗೆ ತಂದುಕೊಳ್ಳೋಣ. ನಮ್ಮಲ್ಲಿ ಹಿರಿಯ ತರಗತಿಗಳವರಿಗೆ ಆ ದಿನದ ನೆನಪು ಮಸುಕಾಗಿಯಾದರೂ ಇದ್ದೀತು. ಸಾಂಕ್ರಾಮಿಕ ರೋಗದ ಭಯದಿಂದ ಊರೇ ಬಾಗಿಲು ಮುಚ್ಚಿ ಕುಳಿತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಅರಬ್ಬೀ ಸಮುದ್ರದಲ್ಲಿ ‘ನಿಸರ್ಗ’ ಎಂಬ ಹೆಸರಿನ ಚಂಡಮಾರುತವು ಹುಟ್ಟಿ ಮುಂಬಯಿಯ ಕಡೆಗೇ ಮುಖ ಮಾಡಿತು. ಬಾಂದ್ರಾ-ಕುರ್ಲಾ ಮೈದಾನದ ತಾತ್ಕಾಲಿಕ ಆಸ್ಪತ್ರೆಯಲ್ಲಿದ್ದ ರೋಗಿಗಳನ್ನು ಬೇರೆಡೆಗೆ ಸಾಗಿಸಿದರು. ಕಡಲ ತಡಿಗೆ ಯಾರೂ ಹೋಗಬಾರದೆಂದು ಆಜ್ಞೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಚಂಡಮಾರುತವು ಅಲಿಬಾಗಿನ ದಕ್ಷಿಣಕ್ಕೆ ನೆಲವನ್ನು ಮುಟ್ಟಿ ಒಳನಾಡಿನ ಕಡೆಗೆ ಸಾಗಿಹೋಯಿತು. ಮುಂಬಯಿಯಲ್ಲಿ ಕೆಲವು ಮರಗಳು ಬಿದ್ದವು, ಮಳೆ ಸುರಿಯಿತು. ಸಂಜೆಗೆ ಎಲ್ಲರೂ ನಿಟ್ಟುಸಿರುಬಿಟ್ಟು “ಸುಮ್ಮನೆ ಹೆದರಿಸಿದರು” ಎಂದರು.

ಆದರೆ ಕೊಲ್ಲಿಯಾಚೆಯ ರಾಯಗಡ ಜಿಲ್ಲೆಯವರು ಹಾಗೆನ್ನಲಿಲ್ಲ. ಮುರುಡ, ದಿವೇಆಗರ, ಶ್ರೀವರ್ಧನಗಳಲ್ಲಿ ಮನೆಗಳ ಹೆಂಚು ತಗಡುಗಳು ಹಾರಿಹೋದವು. ವಿದ್ಯುತ್ ಕಂಬಗಳು ಸಾಲುಸಾಲಾಗಿ ಉರುಳಿದವು. ಅಡಿಕೆ ತೆಂಗುಗಳ ತೋಟಗಳು ನೆಲಸಮವಾದವು. ಶ್ರೀವರ್ಧನದ ಅಡಿಕೆ ಹೆಸರುವಾಸಿಯಾದುದು. ಅಡಿಕೆಯ ಸಸಿಯು ಫಲ ಕೊಡಲು ಎಷ್ಟು ವರ್ಷ ಬೇಕೆಂಬುದನ್ನು ಉತ್ತರ ಕನ್ನಡದಿಂದಲೋ ದಕ್ಷಿಣ ಕನ್ನಡದಿಂದಲೋ ಬಂದ ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜನು ನೆಟ್ಟುದನ್ನು ಮೊಮ್ಮಗನು ಕೊಯ್ಯುವಂಥ ತೋಟವು ಕೆಲವೇ ಗಂಟೆಗಳಲ್ಲಿ ಮಲಗಿತು. ಕಥೆಯ ಹುಡುಗನು ಕೂಗಿದಾಗ ತೋಳವು ಇರಲೇ ಇಲ್ಲ. ಇಲ್ಲಿ ತೋಳವು ಇದ್ದಿತು, ಬಂದೂ ಬಂದಿತು, ನಮ್ಮ ಹಟ್ಟಿಯನ್ನು ಬಿಟ್ಟು ನೆರೆಯವನ ಹಟ್ಟಿಯನ್ನು ಹೊಕ್ಕಿತು, ಅಷ್ಟೆ. ಅದನ್ನು ಕಂಡು “ತೋಳವೇ ಇರಲಿಲ್ಲ” ಎನ್ನುವುದು ಅಜ್ಞಾನ. ನೆರೆಯವನ ಗೋಳನ್ನು ಮರೆತು ಹಾಗೆನ್ನುವುದು ನಿರ್ದಯತೆ.

ಹಾಗಾದರೆ ಇಂಥ ಊರಿಗೇ, ಇಂಥ ಬೀದಿಗೇ ಬರುವುದೆಂದು ಮೊದಲೇ ಏಕೆ ಹೇಳಲಾಗದು? ಇದಕ್ಕೆ ಉತ್ತರ ಬೇಕಾದರೆ ಬಿರುಗಾಳಿಯ ಸ್ವರೂಪವನ್ನೂ, ಅದರ ಹೆಜ್ಜೆಯನ್ನು ಹಿಂಬಾಲಿಸುವ ಬಗೆಯನ್ನೂ ಕೊಂಚ ತಿಳಿಯಬೇಕು. ಬೆಚ್ಚಗಾದ ಕಡಲಿನ ಮೇಲಿಂದ ತೇವದ ಗಾಳಿ ಮೇಲೇಳುವುದು; ಅಲ್ಲಿ ಒತ್ತಡ ಕಡಮೆಯಾಗಿ ಸುತ್ತಲಿನ ಗಾಳಿಯು ಒಳನುಗ್ಗುವುದು; ಭೂಮಿಯು ತಿರುಗುತ್ತಿರುವ ಕಾರಣ ಅದು ನೇರವಾಗಿ ನುಗ್ಗಲಾರದೆ ಸುರುಳಿಯಾಗಿ ಸುತ್ತುವುದು. ನಮ್ಮ ಉತ್ತರಾರ್ಧ ಗೋಲದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುವುದು. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬವನು ಹಾವು ಸುರುಳಿ ಸುತ್ತಿಕೊಂಡಂತಿರುವ ಈ ಗಾಳಿಗೆ ಗ್ರೀಕ್ ಮಾತಿನಿಂದ ‘ಸೈಕ್ಲೋನ್’ ಎಂಬ ಹೆಸರನ್ನು ಕಟ್ಟಿ 1848ರಲ್ಲಿ ತನ್ನ ಗ್ರಂಥದಲ್ಲಿ ಬಳಸಿದನು. ಜಗತ್ತೆಲ್ಲ ಇಂದು ಆಡುವ ಈ ಮಾತು ನಮ್ಮ ದೇಶದಲ್ಲಿಯೇ ಹುಟ್ಟಿತೆಂಬುದು ತಿಳಿದಿರತಕ್ಕ ಸಂಗತಿ.

ಈ ಸುರುಳಿಯು ತನ್ನ ಬಲದಿಂದ ತಾನೇ ಸುತ್ತುವುದಾದರೂ ಮುಂದಕ್ಕೆ ಸಾಗುವುದು ಬಹುಮಟ್ಟಿಗೆ ಸುತ್ತಣ ಎತ್ತರದ ಗಾಳಿಯ ಒಯ್ಲಿಗೆ ಸಿಕ್ಕಿ. ಹೊಳೆಯಲ್ಲಿ ತಿರುಗುವ ಸುಳಿಯೊಂದು ಹೊಳೆಯ ಸೆಳೆತದೊಡನೆ ತೇಲಿಹೋಗುವಂತೆ ಎಂದು ತಿಳಿಯಬಹುದು. ಆ ಸೆಳೆತವು ಸ್ವಲ್ಪ ಬದಲಾದರೂ ಚಂಡಮಾರುತದ ದಾರಿ ಬದಲಾಗುವುದು. ಅರಬ್ಬೀ ಸಮುದ್ರದಲ್ಲಿ ಹುಟ್ಟಿದವುಗಳಲ್ಲಿ ಹೆಚ್ಚಿನವು ಪಶ್ಚಿಮಕ್ಕೆ ಓಮನ್, ಯೆಮನ್ ದೇಶಗಳ ಕಡೆಗೋ, ಉತ್ತರಕ್ಕೆ ಗುಜರಾತಿನ ಕಡೆಗೋ ಹೋಗುವುವು. ಮುಂಬಯಿಗೆ ಬರುವುದು ಅಪರೂಪ; ಆದರೆ ಬರುವುದೇ ಇಲ್ಲವೆಂದಲ್ಲ. 1948ರ ನವೆಂಬರಿನಲ್ಲಿ ಬಂದಿತ್ತು; 2009ರ ನವೆಂಬರ್ 11ರಂದು ‘ಫ್ಯಾನ್’ ಎಂಬುದು ಅಲಿಬಾಗಿಗೂ ಮುಂಬಯಿಗೂ ನಡುವೆ ದಡ ಸೇರಿತ್ತು.

ಇಂಥ ಗಾಳಿಯ ಬೆನ್ನು ಹತ್ತುವ ಕೆಲಸ ಈ ನಗರಕ್ಕೆ ಹೊಸದಲ್ಲ. ಕೊಲಾಬಾದ ವೀಕ್ಷಣಾಲಯವು 1826ರಲ್ಲಿ ಸ್ಥಾಪನೆಯಾಯಿತು. ದೇಶದ ಹವಾಮಾನ ಇಲಾಖೆಯೇ ಹುಟ್ಟಿದ್ದು 1875ರಲ್ಲಿ. ಆ ಕಾಲದಲ್ಲಿ ವಾಯುಭಾರಮಾಪಕದ ಪಾದರಸ ಇಳಿಯುವುದೂ, ಬಂದರಿಗೆ ಬಂದ ಹಡಗಿನವರು ಹೇಳುವ ಮಾತೂ ಮಾತ್ರವೇ ಆಧಾರ. ಇಂದು ಇನ್ಸಾಟ್ ಉಪಗ್ರಹಗಳು ಆಕಾಶದಿಂದ ಅರ್ಧ ಅರ್ಧ ಗಂಟೆಗೆ ಮೋಡಗಳ ಚಿತ್ರವನ್ನು ಕಳುಹಿಸುವುವು. ಮೋಡದ ಸುರುಳಿ ಎಷ್ಟು ಬಿಗಿದಿದೆಯೆಂಬುದನ್ನು ನೋಡಿ ಗಾಳಿಯ ಬಲವನ್ನು ಅಂದಾಜು ಮಾಡುವ ಕ್ರಮವನ್ನು ಅಮೆರಿಕದ ವರ್ನನ್ ಡ್ವೊರಾಕ್ ಎಂಬ ವಿಜ್ಞಾನಿಯು 1970ರ ದಶಕದಲ್ಲಿ ರೂಪಿಸಿದನು. ನಮ್ಮವರೂ ಅದನ್ನು ಅನುಸರಿಸುವರು. ದಡ ಸಮೀಪಿಸಿದಾಗ ರಾಡಾರಿನ ಕಣ್ಣಿಗೆ ಮಳೆಯ ಪಟ್ಟಿಗಳು ಕಾಣುವುವು. ಕೊಲಾಬಾದ ರಾಡಾರಿಗೆ ಜೊತೆಯಾಗಿ 2022ರ ಜನವರಿಯಲ್ಲಿ ಉಪನಗರದ ವೆರಾವಲಿಯಲ್ಲಿ ಇನ್ನೊಂದನ್ನು ಕೆಲಸಕ್ಕೆ ತೊಡಗಿಸಿರುವರು. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರು ಮುಟ್ಟಿದೊಡನೆ ಅದಕ್ಕೆ ಹೆಸರಿಡುವರು.

ಇಷ್ಟೆಲ್ಲ ಕಣ್ಣುಗಳಿದ್ದರೂ ನಾಳೆಯ ಸ್ಥಾನವನ್ನು ಹೇಳುವಲ್ಲಿ ತಪ್ಪು ಇದ್ದೇ ಇರುವುದು. ಒಂದು ದಿನ ಮುಂಚಿತವಾಗಿ ಹೇಳಿದ ಸ್ಥಾನಕ್ಕೂ ಚಂಡಮಾರುತವು ನಿಜವಾಗಿ ಮುಟ್ಟಿದ ಸ್ಥಾನಕ್ಕೂ ಈಚಿನ ವರ್ಷಗಳಲ್ಲಿ ಸರಾಸರಿ ಎಪ್ಪತ್ತು ಎಂಬತ್ತು ಕಿಲೋಮೀಟರುಗಳ ಅಂತರವಿರುವುದು. ಹಿಂದೆ ಇದು ಇನ್ನೂ ಎಷ್ಟೋ ಹೆಚ್ಚಾಗಿದ್ದಿತು. ವಿಜ್ಞಾನವು ಅದನ್ನು ಇಷ್ಟಕ್ಕೆ ಇಳಿಸಿರುವುದೇ ದೊಡ್ಡ ಸಾಧನೆ. ಈಗ ನಮ್ಮ ನಗರದ ಉದ್ದವನ್ನು ಲೆಕ್ಕ ಹಾಕಿರಿ. ಚರ್ಚ್‌ಗೇಟಿನಿಂದ ವಿರಾರಿಗೆ ರೈಲುದಾರಿ 60 ಕಿಲೋಮೀಟರು. ಎಂದರೆ ತಪ್ಪಿನ ಅಳತೆಯೇ ನಮ್ಮ ಊರಿಗಿಂತ ಉದ್ದವಾಗಿರುವುದು! ಇಂಥಲ್ಲಿ “ದಾದರಿಗೆ ಬಂದೀತು, ಅಂಧೇರಿಗೆ ಬಾರದು” ಎಂದು ಹಿಂದಿನ ದಿನ ಹೇಳಬಲ್ಲವರು ಯಾರು? ಅದುಕಾರಣವೇ ಇಲಾಖೆಯವರು ಭೂಪಟದ ಮೇಲೆ ಬರಿಯ ಗೆರೆಯನ್ನೆಳೆಯದೆ, ಮುಂದೆ ಮುಂದೆ ಅಗಲವಾಗುತ್ತ ಹೋಗುವ ಮೊರದಾಕಾರದ ಹರವೊಂದನ್ನು ಬರೆಯುವರು. ಆ ಹರವಿನಲ್ಲಿ ಎಲ್ಲಿಯಾದರೂ ಚಂಡಮಾರುತದ ನಡುವು ಹಾಯಬಹುದೆಂಬುದು ಅದರ ಅರ್ಥ. ನಾವು ಗೆರೆಯನ್ನಷ್ಟೇ ನೋಡಿ ಹರವನ್ನು ಮರೆಯುವೆವು. ಆಮೇಲೆ ಗೆರೆ ತಪ್ಪಿತೆಂದು ದೂರುವೆವು. ತಪ್ಪಿದ್ದು ಗೆರೆಯೊ, ನಮ್ಮ ಓದೊ ಎಂಬುದನ್ನು ವಿಚಾರಿಸಬೇಕು.

ಇನ್ನೂ ಒಂದು ಮಾತು. ಚಂಡಮಾರುತವು ಒಂದು ಬಿಂದುವಲ್ಲ; ನೂರಾರು ಕಿಲೋಮೀಟರು ಹರಡಿಕೊಂಡ ವ್ಯಾಪಾರ. ಅದರ ನಡುವು ದೂರದಲ್ಲಿ ಹಾದುಹೋದರೂ ಅದರ ಸೆರಗು ನಮ್ಮನ್ನು ಬಡಿಯಬಲ್ಲದು. 2021ರ ಮೇ ತಿಂಗಳಿನ ‘ತೌಕ್ತೆ’ ಇದನ್ನು ನಮಗೆ ಚೆನ್ನಾಗಿ ಕಲಿಸಿತು. ಬರ್ಮಾ ದೇಶದವರು ಕೊಟ್ಟ ಆ ಹೆಸರಿಗೆ ಹಲ್ಲಿಯ ಜಾತಿಯೊಂದೆಂದು ಅರ್ಥ. ಅದು ಬಂದ ದಾರಿಯನ್ನು ಗಮನಿಸಿದರೆ ಮುಂಬಯಿಯ ಕನ್ನಡಿಗರಿಗೆ ಅದಕ್ಕಿಂತ ಪರಿಚಿತವಾದ ದಾರಿ ಬೇರೊಂದಿಲ್ಲ. ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿದು, ಮರುದಿನ ಅದು ನಮ್ಮ ತಾಯ್ನಾಡಿನ ಕರಾವಳಿಗೆ ಸಮಾನವಾಗಿ ಕಡಲಿನ ಮೇಲೆ ಸಾಗಿತು. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲು ನೆಲವನ್ನು ಕೊರೆಯಿತು. ಮೂಲ್ಕಿಯ ಕಡಲಿನಲ್ಲಿ ಬಂಡೆಗಳ ನಡುವೆ ಸಿಕ್ಕಿದ ಹಡಗೊಂದರ ಒಂಬತ್ತು ಮಂದಿಯನ್ನು ಕರಾವಳಿ ಕಾವಲು ಪಡೆಯವರೂ ನೌಕಾದಳದ ಹೆಲಿಕಾಪ್ಟರಿನವರೂ 17ರಂದು ಪಾರುಮಾಡಿದರು. 16ರ ಮುಂಜಾನೆ ಅದು ಪಣಜಿಯ ಪಶ್ಚಿಮ ದಿಕ್ಕಿನಲ್ಲಿ, ಮುಂಬಯಿಗೆ ಸುಮಾರು 450 ಕಿಲೋಮೀಟರು ದಕ್ಷಿಣಕ್ಕಿದ್ದಿತು. ಮಂಗಳೂರು, ಉಡುಪಿ, ಕುಂದಾಪುರ, ಹೊನ್ನಾವರ, ಕಾರವಾರ, ರತ್ನಾಗಿರಿ ಎಂದು ನಾವು ರೈಲಿನಲ್ಲಿ ಎಣಿಸುತ್ತ ಬರುವ ಊರುಗಳ ಪಕ್ಕದಲ್ಲಿಯೇ, ಕಡಲಿನ ಮೇಲಿಂದ ಅದು ನಮ್ಮ ಬೆನ್ನು ಹಿಡಿದು ಬಂದಂತಾಯಿತು.

“ಊರಿಗೆ ಬಂದವಳು ನೀರಿಗೆ ಬಾರದಿರುವಳೇ?” ಎಂಬ ಗಾದೆ ನಮ್ಮಲ್ಲಿಯೇ ಇದೆ. ಊರಿನಲ್ಲಿ ತೆಂಗಿನ ಮರ ಬಿದ್ದ ಸುದ್ದಿ ಫೋನಿನಲ್ಲಿ ಬಂದಾಗ, ಅದೇ ಗಾಳಿ ಒಂದೆರಡು ದಿನದಲ್ಲಿ ನಮ್ಮ ಮಾಡಿನ ಮೇಲೆಯೂ ಬೀಸೀತೆಂದು ಎಷ್ಟು ಮಂದಿ ಎಣಿಸಿದೆವು? 17ರಂದು ಅದರ ನಡುವು ಮುಂಬಯಿಯಿಂದ ಸುಮಾರು 150 ಕಿಲೋಮೀಟರು ಪಶ್ಚಿಮಕ್ಕೆ ಹಾಯಿತು. ಆದರೂ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಮೀರಿತು; ವಿಮಾನ ನಿಲ್ದಾಣವನ್ನು ಗಂಟೆಗಟ್ಟಲೆ ಮುಚ್ಚಬೇಕಾಯಿತು; ಮಳೆಗಾಲ ಬರುವ ಮುನ್ನವೇ ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 230 ಮಿಲಿಮೀಟರು ಮಳೆ ಬಿದ್ದಿತು. ನಗರದಿಂದ ಸುಮಾರು 70 ಕಿಲೋಮೀಟರು ದೂರದ ತೈಲಕ್ಷೇತ್ರದಲ್ಲಿ ಕೆಲಸಗಾರರಿಗೆ ವಸತಿಯಾಗಿದ್ದ ‘ಪಿ-305’ ಎಂಬ ದೋಣಿಮನೆಯು ಲಂಗರು ಕಿತ್ತು ತೇಲಿಹೋಗಿ ಮುಳುಗಿತು. ಅದರಲ್ಲಿ 261 ಮಂದಿ ಇದ್ದರು. ನೌಕಾದಳದವರು ಅಬ್ಬರಿಸುವ ಅಲೆಗಳ ನಡುವೆ ಬಹುಮಂದಿಯನ್ನು ಎತ್ತಿ ತಂದರೂ ಎಪ್ಪತ್ತಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಅಂದು ರಾತ್ರಿ ಆ ಚಂಡಮಾರುತವು ದೀವಿನ ಸಮೀಪದಲ್ಲಿ ಗುಜರಾತಿನ ದಡವನ್ನು ಸೇರಿತು. ಮುಂಬಯಿಗೆ ಅದು “ಬರಲೇ ಇಲ್ಲ” ಎಂದು ಹೇಳುವವರು ಆ ಮನೆಗಳ ಮುಂದೆ ನಿಂತು ಹೇಳಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಉದಾಹರಣೆಯೊಂದುಂಟು. ಬರೆಯಲು ಕೈ ನಡುಗಿದರೂ ಬರೆಯಲೇಬೇಕಾಗಿದೆ. 2023ರ ಜೂನಿನಲ್ಲಿ ‘ಬಿಪರ್‌ಜಾಯ್’ ಎಂಬ ಚಂಡಮಾರುತವು ಕಚ್ಛದ ಕಡೆಗೆ ಸಾಗುತ್ತಿದ್ದಿತು. ಮುಂಬಯಿಗೆ ಅದರ ಭಯವಿಲ್ಲವೆಂದು ಜನರು ತಿಳಿದಿದ್ದರು. ಜೂನ್ 12ರ ಸಂಜೆ ಜುಹುವಿನ ಕಡಲಿಗೆ ಹೋದ ನಾಲ್ವರು ಬಾಲಕರನ್ನು ಅಲೆಗಳು ಸೆಳೆದೊಯ್ದವು. ಬಿರುಗಾಳಿಯ ನಡುವು ಆಗ ಎಷ್ಟೋ ನೂರು ಕಿಲೋಮೀಟರು ಆಚೆಗಿದ್ದಿತು. ಅದು ಕಚ್ಛದ ಜಖೌ ಬಂದರಿನ ಬಳಿ ದಡ ಸೇರಿದ್ದು ಮೂರು ದಿನಗಳ ಅನಂತರ, 15ರಂದು. ಅವರು ನಮ್ಮ ವಯಸ್ಸಿನವರು. ಶಾಲೆಗೆ ಹೋಗುವ ಮಕ್ಕಳು. ಎತ್ತರದ ಅಲೆಗಳನ್ನು ನೋಡಬೇಕೆಂಬ ಆಸೆ ಯಾರಿಗೆ ಇಲ್ಲ? ಆದರೆ ಕಡಲಿಗೆ ಹೋಗಬೇಡಿರೆಂಬ ಮಾತು ಹೊರಟಾಗ, ಆಕಾಶವು ತಿಳಿಯಾಗಿದ್ದರೂ ಹೋಗತಕ್ಕದ್ದಲ್ಲ. ದೂರದ ಗಾಳಿಯ ಕೋಪವನ್ನು ಅಲೆಗಳು ಹೊತ್ತು ತರುವುವು.

ಎಚ್ಚರಿಕೆಯನ್ನು ಅಲ್ಲಗಳೆಯುವವರೆಲ್ಲರೂ ಅಜ್ಞಾನಿಗಳೆಂದು ಮಾತ್ರ ನಾವು ಹೇಳಲಾರೆವು. ಅವರ ಮಾತಿನಲ್ಲಿಯೂ ಒಂದು ನೋವಿದೆ. ಹೋಟೆಲು ಒಂದು ದಿನ ಮುಚ್ಚಿದರೆ ಅಲ್ಲಿ ದುಡಿಯುವ ಹುಡುಗನ ಅಂದಿನ ಸಂಬಳ ಹೋಗಬಹುದು; ಕಟ್ಟಡದ ಕೆಲಸ ನಿಂತರೆ ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದ ಕೂಲಿಯವರ ಒಲೆ ಉರಿಯದೆ ಹೋಗಬಹುದು; ಮೀನುಗಾರರು ದೋಣಿಯನ್ನು ದಡಕ್ಕೆಳೆದು ಕುಳಿತರೆ ಸಾಲದ ಬಡ್ಡಿ ಕುಳಿತಿರದು. ಎಚ್ಚರಿಕೆಗೂ ಒಂದು ಬೆಲೆಯುಂಟು. ಆ ಬೆಲೆಯನ್ನು ಹೆಚ್ಚಾಗಿ ತೆರುವವರು ಬಡವರು. ಬಂದೇ ಬರುವುದೆಂಬ ಭರವಸೆಯಿಲ್ಲದ ಗಾಳಿಗಾಗಿ ಬಂದೇ ಬರುವ ಕೂಲಿಯನ್ನು ಬಿಡಬೇಕೆ ಎಂದು ಅವರು ಕೇಳಿದರೆ ನಾವು ನಗಬಾರದು. ಆದರೆ ಇದಕ್ಕೆ ಪರಿಹಾರವು ಎಚ್ಚರಿಕೆಯನ್ನು ಕೊಡದಿರುವುದಲ್ಲ. ಅದರ ಬೆಲೆಯನ್ನು ಸಮಾಜವೆಲ್ಲ ಹಂಚಿಕೊಳ್ಳುವುದು. ಅಂದಿನ ಕೂಲಿಯನ್ನು ಕೊಡುವುದು ಧಣಿಗಳ ಧರ್ಮ. ತಗಡಿನ ಮಾಡಿನ ಕೆಳಗೆ ಇರುವವರಿಗೆ ಗಟ್ಟಿ ಕಟ್ಟಡದಲ್ಲಿ ಒಂದು ರಾತ್ರಿ ಆಸರೆ ಕೊಡುವುದು ಪೌರರ ಧರ್ಮ. ನಮ್ಮ ಶಾಲೆಗಳೂ ಗಟ್ಟಿಯಾದ ಕಟ್ಟಡಗಳೇ ಅಲ್ಲವೆ?

2019ರ ಜೂನಿನಲ್ಲಿ ‘ವಾಯು’ ಎಂಬ ಚಂಡಮಾರುತವು ವೆರಾವಲ್ ಬಂದರಿನ ಬಳಿ ದಡ ಸೇರುವುದೆಂದು ಗುಜರಾತಿನಲ್ಲಿ ಲಕ್ಷಗಟ್ಟಲೆ ಜನರನ್ನು ತೀರದಿಂದ ದೂರಕ್ಕೆ ಸಾಗಿಸಿದರು. ಕೊನೆಯ ಗಳಿಗೆಯಲ್ಲಿ ಅದು ಪಶ್ಚಿಮಕ್ಕೆ ಹೊರಳಿ ಕಡಲಿನಲ್ಲಿಯೇ ಕಾಲ ಕಳೆಯಿತು. ಆ ಸಾಹಸವೆಲ್ಲ ವ್ಯರ್ಥವಾಯಿತೆನ್ನಬಹುದೆ? ಮನೆಗೆ ಬೀಗ ಹಾಕಿ ಮಲಗಿದ ರಾತ್ರಿ ಕಳ್ಳನು ಬಾರದಿದ್ದರೆ ಬೀಗದ ದುಡ್ಡು ದಂಡವಾಯಿತೆಂದು ಯಾರೂ ಅಳುವುದಿಲ್ಲ.

ಇನ್ನು ನಿಜವಾದ ಸುಳ್ಳು ಎಲ್ಲಿ ಹುಟ್ಟುವುದೆಂಬುದನ್ನು ನೋಡೋಣ. 1882ರ ಜೂನ್ 6ರಂದು ಮುಂಬಯಿಯಲ್ಲಿ ಮಹಾ ಚಂಡಮಾರುತವೆದ್ದು ಒಂದು ಲಕ್ಷ ಜನರು ಸತ್ತರೆಂದು ಎಷ್ಟೋ ಪುಸ್ತಕಗಳಲ್ಲಿಯೂ ಪಟ್ಟಿಗಳಲ್ಲಿಯೂ ಅಚ್ಚಾಗಿದೆ. ಆದರೆ ಕೊಲಾಬಾದ ವೀಕ್ಷಣಾಲಯವು ಆಗ ಕೆಲಸ ಮಾಡುತ್ತಿದ್ದಿತು, ನಗರದಲ್ಲಿ ವೃತ್ತಪತ್ರಿಕೆಗಳಿದ್ದವು. ವಿದ್ವಾಂಸರು ಹುಡುಕಿ ನೋಡಿದಾಗ ಅಂಥ ಘಟನೆ ನಡೆದುದಕ್ಕೆ ಯಾವ ಆಧಾರವೂ ದೊರೆಯಲಿಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು ನಕಲು ಮಾಡುತ್ತ ಬಂದ ಫಲವದು. ಅಚ್ಚಿನಲ್ಲಿಯೇ ಹೀಗಾದರೆ, ಇಂದು ಕ್ಷಣಮಾತ್ರದಲ್ಲಿ ಕೈಯಿಂದ ಕೈಗೆ ಹಾರುವ ವಾಟ್ಸ್ಯಾಪ್ ಸಂದೇಶಗಳ ಗತಿಯೇನು? ಯಾವುದೋ ದೇಶದ ಬಿರುಗಾಳಿಯ ಚಿತ್ರವನ್ನು ನಮ್ಮ ಮರೀನ್ ಡ್ರೈವಿನದೆಂದು ಕಳುಹಿಸುವವನೇ ಕಥೆಯ ಆ ಹುಡುಗ, ಹವಾಮಾನ ಇಲಾಖೆಯಲ್ಲ. ಅಂಥ ಸಂದೇಶವನ್ನು ವಿಚಾರಿಸದೆ ಮುಂದಕ್ಕೆ ಸಾಗಿಸುವ ನಾವೂ ಅವನ ಜೊತೆಗಾರರೇ ಆಗುವೆವು.

ಹಾಗಾದರೆ ವಿದ್ಯಾರ್ಥಿಗಳು ಮಾಡತಕ್ಕದ್ದೇನು? ಮೊದಲನೆಯದಾಗಿ, ಜಾಡನ್ನು ತಾವೇ ಓದಲು ಕಲಿಯಬೇಕು. ಅರಬ್ಬೀ ಸಮುದ್ರದ ಒಂದು ಭೂಪಟವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಮಂಗಳೂರು ಸುಮಾರು 13 ಅಂಶ ಉತ್ತರ ಅಕ್ಷಾಂಶದಲ್ಲಿಯೂ ಮುಂಬಯಿ ಸುಮಾರು 19 ಅಂಶದಲ್ಲಿಯೂ ಇವೆ. ಒಂದು ಅಂಶವೆಂದರೆ ಸುಮಾರು 111 ಕಿಲೋಮೀಟರು. ಪ್ರಕಟಣೆಯಲ್ಲಿ ಕೊಟ್ಟ ಸ್ಥಾನವನ್ನು ಚುಕ್ಕೆಯಿಟ್ಟು ಗುರುತಿಸುತ್ತ ಹೋಗಿರಿ. ಆರು ಗಂಟೆಗಳಲ್ಲಿ ಒಂದು ಅಂಶ ಮೇಲೇರಿದರೆ ಅದರ ನಡೆ ಗಂಟೆಗೆ ಸುಮಾರು 18 ಕಿಲೋಮೀಟರು. ತರಗತಿಯಲ್ಲಿ ಬೇಸರ ತರುವ ವೇಗದ ಲೆಕ್ಕವು ಆಗ ಎಷ್ಟು ಜೀವಂತವಾಗುವುದೆಂಬುದನ್ನು ನೀವೇ ಕಾಣುವಿರಿ. ಚಂಡಮಾರುತಗಳ ಕಾಲವಾದ ಮೇ-ಜೂನ್, ಅಕ್ಟೋಬರ್-ನವೆಂಬರ್‌ಗಳಲ್ಲಿ ನಮಗೆ ಹೆಚ್ಚಾಗಿ ರಜೆ, ಹಲವರು ಊರಿನಲ್ಲಿರುವೆವು. ಆದುದರಿಂದ ಭೂಪಟವು ಶಾಲೆಯ ಗೋಡೆಯ ಮೇಲಿದ್ದರೆ ಸಾಲದು. ನಮ್ಮ ಚೀಲದಲ್ಲಿಯೂ ಇರಬೇಕು.

ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ಪಂಡಿತನು 1857ರಲ್ಲಿ ಹೇಳಿದ ಸುಲಭವಾದ ಸೂತ್ರವೊಂದುಂಟು: ನಮ್ಮ ಉತ್ತರಾರ್ಧ ಗೋಲದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತರೆ ಕಡಮೆ ಒತ್ತಡದ ನಡುವು ನಮ್ಮ ಎಡಗಡೆಗಿರುವುದು. ಕಿಟಕಿಯಿಂದ ಮೋಡಗಳು ಓಡುವ ದಿಕ್ಕನ್ನು ನೋಡಿ ಇದನ್ನು ಪರೀಕ್ಷಿಸಬಹುದು. ಮಾಳಿಗೆಗೆ ಹೋಗಿ ಪರೀಕ್ಷಿಸಬೇಡಿರಿ.

ಎರಡನೆಯದು ಇನ್ನೂ ಮುಖ್ಯವಾದುದು. ಇಲಾಖೆಯವರು ಎಚ್ಚರಿಕೆಯನ್ನು ಹಂತಹಂತವಾಗಿ ಕೊಡುವರು: 72 ಗಂಟೆಗಳ ಮುಂಚೆ ‘ಕಾವಲು’, 48 ಗಂಟೆಗಳ ಮುಂಚೆ ‘ಜಾಗರೂಕತೆ’, 24 ಗಂಟೆಗಳ ಮುಂಚೆ ‘ಎಚ್ಚರಿಕೆ’, 12 ಗಂಟೆಗಳ ಮುಂಚೆ ನೆಲ ಮುಟ್ಟಿದ ಮೇಲಿನ ಪರಿಣಾಮಗಳ ಮುನ್ನೋಟ. ಈ ನಗರದಲ್ಲಿ ಇವೆಲ್ಲ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಹೊರಡುವುವು. ನಮ್ಮ ಮನೆಯ ಅಜ್ಜಿಗೆ, ನೆರೆಯ ಕೂಲಿಯ ತಾಯಿಗೆ, ಊರಿನಿಂದ ಮೊನ್ನೆ ಬಂದು ಹೋಟೆಲಿಗೆ ಸೇರಿದ ಹುಡುಗನಿಗೆ ಅವು ತಲಪುವುದು ಹೇಗೆ? ಆ ಭಾಷೆಗಳನ್ನೂ ಕನ್ನಡವನ್ನೂ ಓದಬಲ್ಲವರು ಮನೆಯಲ್ಲಿ ಅನೇಕ ವೇಳೆ ನೀವೊಬ್ಬರೇ. ಈ ಊರಿನಲ್ಲಿ ಕನ್ನಡ ಕಲಿತು ಏನು ಪ್ರಯೋಜನವೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತೋರದು. ಎಚ್ಚರಿಕೆಯನ್ನು ಸರಿಯಾಗಿ ಓದಿ, ಕೂಡಿಸದೆ ಕಳೆಯದೆ ಒಳ್ಳೆಯ ಕನ್ನಡದಲ್ಲಿ ನಾಲ್ಕು ಮನೆಗೆ ಹೇಳಿಬನ್ನಿರಿ. ಬಿರುಗಾಳಿಯು ಬೇರೆ ಕಡೆಗೆ ಹೊರಳಿಹೋದರೆ “ಎಲ್ಲಿ ಬಂತು?” ಎಂದು ನಿಮ್ಮನ್ನು ಕೇಳುವರು. ಆಗ ನಾಚಬೇಡಿರಿ, ಅದು ಎಲ್ಲಿಗೆ ಹೋಯಿತೆಂಬುದನ್ನು ಭೂಪಟದಲ್ಲಿ ತೋರಿಸಿರಿ. ಆ ಊರಿನ ಹೆಸರನ್ನೂ ಅಲ್ಲಿಯ ಜನರ ಪಾಡನ್ನೂ ಹೇಳಿರಿ. ಮುಂದಿನ ಸಲ ಕರೆ ಬಂದಾಗ ಅವರೂ ಬಾಗಿಲು ತೆರೆದು ಕೇಳುವರೆಂದು ನಾವು ನಂಬಿರುವೆವು.